ಹದಿನೈದರ ಹುಡುಗಿ ಹದಿಮೂರರ ತನ್ನನ್ನು ತಿದ್ದಿದಾಗ

1944ರ ಮೇ 20ರಂದು ಆನ್ ಫ್ರಾಂಕ್ ತನ್ನ ದಿನಚರಿಯನ್ನು ಮೊದಲಿನಿಂದ ಬರೆಯಲು ಕೂತಳು. ಆಮ್‌ಸ್ಟರ್‌ಡ್ಯಾಮಿನ ಪ್ರಿನ್ಸೆನ್‌ಗ್ರಾಹ್ಟ್ ಕಾಲುವೆ ದಂಡೆಯ 263ನೇ ನಂಬರಿನ ಕಟ್ಟಡ. ಅದರ ಹಿಂಬದಿಯಲ್ಲಿ, ಪುಸ್ತಕದ ಕಪಾಟಿನ ಮರೆಯಲ್ಲಿದ್ದ ಬಾಗಿಲಿನಾಚೆ, ನಾಜಿಗಳ ಕಣ್ಣು ತಪ್ಪಿಸಿ ಎಂಟು ಜನ ಅಡಗಿದ್ದರು. ಹುಡುಗಿಗೆ ಹದಿನೈದು ತುಂಬಲು ಇನ್ನೂ ಮೂರು ವಾರ ಬಾಕಿ. ಮಾರ್ಚ್ 28ರಂದು ಲಂಡನ್ನಿನಿಂದ ಬರುತ್ತಿದ್ದ ಡಚ್ ರೇಡಿಯೊದಲ್ಲಿ ಸಚಿವ ಬೋಲ್ಕೆಸ್ಟೀನ್ ಮಾತಾಡಿದ್ದರು: ಯುದ್ಧ ಮುಗಿದ ಮೇಲೆ ಜನಸಾಮಾನ್ಯರ ದಿನಚರಿ, ಪತ್ರಗಳನ್ನೆಲ್ಲ ಕೂಡಿಹಾಕಬೇಕು, ಜೋಪಾನ ಮಾಡಿ ಎಂದು. ಆನ್‌ಗೆ ಅಷ್ಟು ಸಾಕಾಯಿತು. ಹತ್ತು ವಾರಗಳಲ್ಲಿ ಇನ್ನೂರಕ್ಕೂ ಹೆಚ್ಚು ಬಿಡಿ ಹಾಳೆ ತುಂಬಿಸಿದಳು. ಆಗಸ್ಟ್ 4ರಂದು ಪೊಲೀಸರು ಬಂದರು.

ಜಗತ್ತು ಈ ದಿನಚರಿಯನ್ನು ಯಹೂದಿಗಳ ಹತ್ಯಾಕಾಂಡದ ಸಾಕ್ಷಿಯಾಗಿ ಓದುತ್ತದೆ. ಓದಬೇಕಾದದ್ದೂ ಹಾಗೆಯೇ. ಆದರೆ ಹದಿಹರೆಯದ ಮನಸ್ಸನ್ನು ಅಭ್ಯಾಸ ಮಾಡುವವರಿಗೆ ಅದರಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗದ ಇನ್ನೊಂದು ವಸ್ತುವಿದೆ. ಒಬ್ಬಳೇ ಹುಡುಗಿ, ಅದೇ ಘಟನೆ. ಹದಿಮೂರರಲ್ಲಿ ಬರೆದದ್ದು ಒಂದು ಬಗೆ, ಹದಿನೈದರ ಹೊಸ್ತಿಲಲ್ಲಿ ತಿದ್ದಿ ಬರೆದದ್ದು ಇನ್ನೊಂದು ಬಗೆ. ವಿದ್ವಾಂಸರು ಮೊದಲನೆಯದನ್ನು ‘ಎ’ ಪಾಠ, ಎರಡನೆಯದನ್ನು ‘ಬಿ’ ಪಾಠ ಎನ್ನುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟ ವಿಮರ್ಶಾತ್ಮಕ ಆವೃತ್ತಿ 1986ರಲ್ಲಿ ಅಚ್ಚಾಯಿತು. ಅಕ್ಕಪಕ್ಕ ಇಟ್ಟು ಓದಿದರೆ, ಸ್ವಭಾವ ಎಂಬುದೂ ‘ನಾನು ಯಾರು’ ಎಂಬ ಅರಿವೂ ಒಂದನ್ನೊಂದು ತಳ್ಳುತ್ತ, ಎಳೆಯುತ್ತ ಹೇಗೆ ಬೆಳೆಯುತ್ತವೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಸ್ವಭಾವದಿಂದಲೇ ಶುರುಮಾಡಬಹುದು. ಆನ್ ಮಹಾ ಮಾತುಗಾತಿ. ತರಗತಿಯಲ್ಲಿ ಬಾಯಿ ಮುಚ್ಚದ್ದಕ್ಕೆ ಗಣಿತದ ಮೇಷ್ಟ್ರು ‘ವಾಚಾಳಿ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯುವ ಶಿಕ್ಷೆ ಕೊಟ್ಟರು. ಹುಡುಗಿ ಬರೆದ ವಾದ ಇಷ್ಟು: ಮಾತು ನನಗೆ ಅಮ್ಮನಿಂದ ಬಂದ ಗುಣ, ವಂಶಪಾರಂಪರ್ಯವಾಗಿ ಬಂದದ್ದಕ್ಕೆ ಯಾರೇನು ಮಾಡಲು ಆಗುತ್ತದೆ? ಮತ್ತೆ ಮಾತಾಡಿದಳು, ಮತ್ತೊಂದು ಪ್ರಬಂಧ. ಮೂರನೆಯ ಸಲ ಬಾತುಕೋಳಿಗಳ ಕತೆಯನ್ನು ಪದ್ಯದಲ್ಲಿ ಬರೆದುಕೊಟ್ಟಳು. ಮೇಷ್ಟ್ರೇ ನಕ್ಕು ಸೋತರು. ಆ ವಾದ ತೀರಾ ತಮಾಷೆಯದೇನೂ ಅಲ್ಲ. ಅವಳಿ ಮಕ್ಕಳ ಮೇಲೆ ದಶಕಗಳಿಂದ ನಡೆದ ಅಧ್ಯಯನಗಳು, ಸ್ವಭಾವದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದ ಹೆಚ್ಚುಕಡಿಮೆ ಅರ್ಧ ಭಾಗ ಅನುವಂಶೀಯತೆಯಿಂದ ಬರುತ್ತದೆ ಎನ್ನುತ್ತವೆ. ಉಳಿದರ್ಧದ ಕತೆಯೇ ಸ್ವಾರಸ್ಯದ್ದು.

ಎರಡು ವರ್ಷ ಕಳೆಯಿತು. ಮಾತು ಕಡಿಮೆಯಾಗಲಿಲ್ಲ, ಆದರೆ ಮಾತಿಗೆ ಕೆಲಸ ಸಿಕ್ಕಿತು. 1944ರ ಏಪ್ರಿಲ್ ಹೊತ್ತಿಗೆ ಆನ್ ಪತ್ರಕರ್ತೆಯಾಗುವುದೆಂದು ನಿಶ್ಚಯಿಸಿದ್ದಳು. ಅಮ್ಮನ ಹಾಗೆ ಮನೆಗೆಲಸದಲ್ಲೇ ಜೀವ ಸವೆಸುವ ಬಾಳು ತನಗೆ ಬೇಡ ಎಂದೂ ಬರೆದುಕೊಂಡಳು. ಅಡಗುದಾಣದ ಹೊರಗಿದ್ದು ನೆರವಾಗುತ್ತಿದ್ದ ಆಫೀಸಿನ ಹುಡುಗಿಯೊಬ್ಬಳ ಹೆಸರಿನಲ್ಲಿ ಅಂಚೆ ಮೂಲಕ ಶಾರ್ಟ್‌ಹ್ಯಾಂಡ್ ಪಾಠ ತರಿಸಿ ಕಲಿಯುತ್ತಿದ್ದಳು. ಈಗ ದಿನಚರಿಯನ್ನೇ ಪುಸ್ತಕ ಮಾಡುವ ಹಂಬಲ. ತಾನೊಬ್ಬ ಬರಹಗಾರ್ತಿ ಎಂದುಕೊಂಡ ಮೇಲೆ ಬರಹಗಾರರ ಶಿಸ್ತೂ ಬರಬೇಕಲ್ಲ! ಬಂತು.

ತಿದ್ದುಪಡಿಗಳನ್ನೇ ನೋಡಿ. ‘ಎ’ ಪಾಠದ ಒಂದು ಭಾಗದಲ್ಲಿ ಅವಳು ಹಲವು ಕಾಲ್ಪನಿಕ ಗೆಳತಿಯರಿಗೆ ಪತ್ರ ಬರೆಯುತ್ತಾಳೆ. ಆ ಹೆಸರುಗಳು ಆಗ ಡಚ್ ಹುಡುಗಿಯರು ಮುಗಿಬಿದ್ದು ಓದುತ್ತಿದ್ದ ಸಿಸ್ಸಿ ಫಾನ್ ಮಾರ್ಕ್ಸ್‌ವೆಲ್ಟ್ ಅವರ ಕಾದಂಬರಿಗಳಿಂದ ಬಂದವು. ‘ಬಿ’ ಪಾಠದಲ್ಲಿ ಉಳಿದವರೆಲ್ಲ ಹೋಗಿ ಕಿಟ್ಟಿ ಒಬ್ಬಳೇ ನಿಲ್ಲುತ್ತಾಳೆ. ಅಮ್ಮನ ಮೇಲೆ ಕಾರಿದ್ದ ಸಿಟ್ಟು ತಗ್ಗುತ್ತದೆ. 1944ರ ಜನವರಿಯಲ್ಲಿ ಹಳೆಯ ಪುಟ ತಿರುವಿ ಹಾಕುವಾಗ, ಅಮ್ಮನ ಬಗ್ಗೆ ಇಷ್ಟು ಕೆಟ್ಟದಾಗಿ ಬರೆದವಳು ನಾನೇನಾ ಎಂದು ಬೆಚ್ಚಿದವಳು ಅವಳೇ. ಪೀಟರ್ ಎಂಬ ಹುಡುಗನ ಮೇಲಿನ ಮೋಹದ ಕಾವನ್ನೂ ತಾನೇ ಇಳಿಸಿದಳು. ಜೊತೆಗಿದ್ದವರಿಗೆಲ್ಲ ಮಾರುಹೆಸರು ಕೊಟ್ಟಳು. ತನಗೂ ಮೊದಲು ಆನ್ ಔಲಿಸ್, ಆಮೇಲೆ ಆನ್ ರಾಬಿನ್ ಎಂದು ಇಟ್ಟುಕೊಂಡಳು.

ಮೊದಲ ಪುಸ್ತಕದ ಎರಡು ಪುಟಗಳಿಗಂತೂ ಕಂದು ಕಾಗದ ಅಂಟಿಸಿ ಮುಚ್ಚಿಬಿಟ್ಟಿದ್ದಳು. 2018ರಲ್ಲಿ ಸಂಶೋಧಕರು ಕಾಗದ ಕೀಳದೆಯೇ ಚಿತ್ರ ತೆಗೆದು ಅದನ್ನು ಓದಿದರು. 1942ರ ಸೆಪ್ಟೆಂಬರ್ 28ರ ಬರಹ: ನಾಲ್ಕು ಪೋಲಿ ಜೋಕುಗಳು, ಗಂಡು ಹೆಣ್ಣಿನ ಸಂಬಂಧದ ಬಗ್ಗೆ ಮೂವತ್ತಮೂರು ಸಾಲು. ಯಾವ ಊರಿನ ಹೈಸ್ಕೂಲಿನ ಕೊನೆ ಬೆಂಚಿನಲ್ಲೂ ಸಿಗುವ ಸರಕು. ಜಗತ್ತಿಗೆ ಸಂತಳಂತೆ ಕಂಡ ಹುಡುಗಿಯ ಬಗ್ಗೆ ಇದನ್ನು ಬಯಲು ಮಾಡಬೇಕಿತ್ತೇ ಎಂದು ಕೆಲವರು ಮುಖ ಸಿಂಡರಿಸಬಹುದು. ಆದರೆ ಆ ಕಂದು ಕಾಗದವೇ ಅವಳ ಬೆಳವಣಿಗೆಯ ಒಳ್ಳೆಯ ಪುರಾವೆ. ಬರೆದ ಕೈಯೂ ಅವಳದೇ, ಇದು ನನಗೆ ಒಪ್ಪುವುದಿಲ್ಲ ಎಂದು ಮುಚ್ಚಿದ ಕೈಯೂ ಅವಳದೇ.

ಆನ್ ಹುಟ್ಟಿದ್ದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಟಿಲ್ಮಾನ್ ಹಾಬರ್ಮಾಸ್ ಎಂಬ ಮನಶ್ಶಾಸ್ತ್ರಜ್ಞ (ತತ್ತ್ವಜ್ಞಾನಿ ಯೂರ್ಗನ್ ಹಾಬರ್ಮಾಸರ ಮಗ) ಮಕ್ಕಳು ತಮ್ಮ ಜೀವನದ ಕತೆ ಹೇಳುವುದನ್ನು ಯಾವಾಗ ಕಲಿಯುತ್ತಾರೆ ಎಂದು ಅಳೆದು ನೋಡಿದರು. ಎಂಟು, ಹನ್ನೆರಡು, ಹದಿನಾರು, ಇಪ್ಪತ್ತು ವರ್ಷದವರನ್ನು ಕರೆದು, ಬಾಳಿನ ಏಳು ಮುಖ್ಯ ನೆನಪುಗಳನ್ನು ಕಾರ್ಡಿನಲ್ಲಿ ಬರೆಸಿ, ಆಮೇಲೆ ಇಡೀ ಬದುಕಿನ ಕತೆ ಹೇಳಿ ಎಂದರು. ಎಂಟರ ಮಕ್ಕಳದ್ದು ಬಿಡಿಬಿಡಿ ಘಟನೆ: ಸೈಕಲ್ಲಿಂದ ಬಿದ್ದೆ, ಅಜ್ಜಿ ಮನೆಗೆ ಹೋದೆವು ಎಂಬ ಧಾಟಿ. ಹನ್ನೆರಡರವರು ಕಾಲಾನುಕ್ರಮ ಹಿಡಿಯುತ್ತಾರೆ. ಹದಿನಾರರ ಹೊತ್ತಿಗೆ ‘ಅದಾದ ಮೇಲೆ ನಾನು ಜನರನ್ನು ನಂಬುವುದು ಬಿಟ್ಟೆ’, ‘ಅದಕ್ಕೇ ಇವತ್ತು ಹೀಗಿದ್ದೇನೆ’ ಎಂಬಂಥ ಕಾರ್ಯಕಾರಣದ ಮಾತು ಬರತೊಡಗುತ್ತದೆ, ಇಪ್ಪತ್ತಕ್ಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಅಮೆರಿಕದ ಡ್ಯಾನ್ ಮ್ಯಾಕ್‌ಆಡಮ್ಸ್ 1980ರ ದಶಕದಿಂದ ಪ್ರತಿಪಾದಿಸುತ್ತ ಬಂದದ್ದೂ ಇದನ್ನೇ. ಅವರ ಪ್ರಕಾರ ವ್ಯಕ್ತಿತ್ವಕ್ಕೆ ಮೂರು ಪದರ: ತಳದಲ್ಲಿ ಸ್ವಭಾವ, ಅದರ ಮೇಲೆ ಗುರಿ ಮತ್ತು ಮೌಲ್ಯ, ಎಲ್ಲಕ್ಕೂ ಮೇಲೆ ತನ್ನ ಬಗ್ಗೆ ತಾನು ಕಟ್ಟಿಕೊಂಡ ಕತೆ. ಮೊದಲ ಪದರ ತೊಟ್ಟಿಲಲ್ಲೇ ಕಾಣುತ್ತದೆ. ಕೊನೆಯದಕ್ಕೆ ಹದಿಹರೆಯ ಬರಬೇಕು.

ಆ ಹೊತ್ತಿಗೆ ತಳದ ಪದರವೇ ಅಲುಗಾಡುತ್ತಿರುತ್ತದೆ ಎನ್ನುವುದು ತಂದೆತಾಯಿಗಳಿಗೆ ಗೊತ್ತಿರುವ ಸಂಗತಿ; ಈಗ ಅದಕ್ಕೆ ಅಂಕಿಅಂಶವೂ ಸಿಕ್ಕಿದೆ. 2011ರಲ್ಲಿ ಕ್ರಿಸ್ಟೋಫರ್ ಸೋಟೊ ಮತ್ತು ಸಂಗಡಿಗರು 10ರಿಂದ 65 ವರ್ಷದ 12 ಲಕ್ಷಕ್ಕೂ ಹೆಚ್ಚು ಮಂದಿಯ ಉತ್ತರಗಳನ್ನು ಹೋಲಿಸಿದರು. ಅಚ್ಚುಕಟ್ಟುತನ ಮತ್ತು ಹೊಂದಿಕೊಂಡು ಹೋಗುವ ಗುಣ, ಈ ಎರಡೂ ಹತ್ತರ ಮಕ್ಕಳಿಗಿಂತ ಹದಿಹರೆಯದ ಆರಂಭದಲ್ಲಿರುವವರಲ್ಲಿ ಕಡಿಮೆ. ಆಮೇಲೆ ಮತ್ತೆ ಏರುತ್ತವೆ. ಹುಡುಗಿಯರಲ್ಲಿ ಆತಂಕ, ಬೇಸರ ಈ ವಯಸ್ಸಿನಲ್ಲಿ ಹೆಚ್ಚುತ್ತವೆ. ‘ಆರನೇ ಕ್ಲಾಸಿನ ತನಕ ಎಷ್ಟು ಚೆನ್ನಾಗಿದ್ದ, ಈಗ ಏನಾಯ್ತೋ ಇವನಿಗೆ’ ಎಂದು ಅಮ್ಮಂದಿರು ಹೇಳುವುದು ಬರೀ ಗೊಣಗಾಟವಲ್ಲ ಎಂದಾಯಿತು. ನೆದರ್ಲೆಂಡ್ಸಿನಲ್ಲಿ ಟಿಯೊ ಕ್ಲಿಮ್‌ಸ್ಟ್ರಾ ಮತ್ತು ತಂಡ ಅವೇ ಮಕ್ಕಳನ್ನು ಐದು ವರ್ಷ ಬೆನ್ನುಹತ್ತಿ ನೋಡಿ 2009ರಲ್ಲಿ ಇನ್ನೊಂದು ಮಾತು ಸೇರಿಸಿತು: ಒಟ್ಟಾರೆ ದಾರಿ ಪಕ್ವತೆಯ ಕಡೆಗೇ, ಹುಡುಗಿಯರು ಮೊದಲು ಮುಟ್ಟುತ್ತಾರೆ, ಹುಡುಗರು ನಿಧಾನ.

ಇನ್ನು ಊರೆಲ್ಲ ತನ್ನನ್ನೇ ನೋಡುತ್ತಿದೆ ಎಂಬ ಭಾವ. ಮದುವೆಮನೆಗೆ ಹೊರಟಾಗ ಮೂಗಿನ ತುದಿಯಲ್ಲಿ ಎದ್ದ ಮೊಡವೆ ಭೂಕಂಪದಷ್ಟು ದೊಡ್ಡದಾಗುವುದು ಇದರಿಂದಲೇ. ಡೇವಿಡ್ ಎಲ್ಕೈಂಡ್ 1967ರಲ್ಲಿ ಇದನ್ನು ‘ಕಾಲ್ಪನಿಕ ಪ್ರೇಕ್ಷಕರು’ ಎಂದು ಕರೆದರು. ಇವತ್ತು ಆ ಪ್ರೇಕ್ಷಕರು ಕಾಲ್ಪನಿಕರಾಗಿ ಉಳಿದಿಲ್ಲ, ಲೈಕುಗಳ ಲೆಕ್ಕದಲ್ಲಿ ಕಣ್ಣಿಗೆ ಕಾಣುತ್ತಾರೆ. ಹಾಗಾಗಿಯೇ ಎಷ್ಟೋ ಮಕ್ಕಳು ನೆಂಟರಿಷ್ಟರಿಗೆಲ್ಲ ಕಾಣುವ ಇನ್‌ಸ್ಟಾಗ್ರಾಂ ಖಾತೆ ಒಂದು, ಆಪ್ತರಿಗಷ್ಟೇ ಗೊತ್ತಿರುವ ಪ್ರೈವೇಟ್ ಖಾತೆ ಇನ್ನೊಂದು ಇಟ್ಟುಕೊಳ್ಳುತ್ತಾರೆ. ಇದನ್ನು ಕಪಟ ಎನ್ನುವುದು ಅವಸರದ ತೀರ್ಪು. ತನ್ನ ಕೊನೆಯ ಬರಹದಲ್ಲಿ ಆನ್ ಕೂಡ ಎರಡು ಆನ್‌ಗಳ ಬಗ್ಗೆಯೇ ಹೇಳಿಕೊಂಡಿದ್ದಳು: ಎಲ್ಲರೆದುರು ಕಿಲಕಿಲ ಎನ್ನುವವಳು ಒಬ್ಬಳು, ಒಬ್ಬಳೇ ಇದ್ದಾಗ ಮಾತ್ರ ಹೊರಬರುವವಳು ಇನ್ನೊಬ್ಬಳು.

ಸ್ವಭಾವ ಮತ್ತು ಅಸ್ಮಿತೆಗಳ ನಡುವಿನ ಕೊಡುಕೊಳೆಯನ್ನು ನೇರವಾಗಿ ಹಿಡಿಯಲು ಹೊರಟವರು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಕೂನ್ ಲ್ಯೂಕ್ಸ್ ಮತ್ತು ಸಂಗಡಿಗರು. ಕಾಲೇಜು ಹುಡುಗಿಯರನ್ನು ಮತ್ತೆ ಮತ್ತೆ ಮಾತಾಡಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರಭಾವ ಎರಡೂ ಕಡೆಗೆ ಹರಿಯುವುದು ಕಂಡಿತು. ಹೊಸದಕ್ಕೆ ತೆರೆದುಕೊಳ್ಳುವ ಸ್ವಭಾವದವರು ಹೆಚ್ಚು ಹುಡುಕುತ್ತಾರೆ. ಶಿಸ್ತಿನವರು ಒಂದನ್ನು ಹಿಡಿದು ನಿಲ್ಲುತ್ತಾರೆ. ಒಂದು ನಿರ್ಧಾರಕ್ಕೆ ಬಂದವರ ಸ್ವಭಾವವೂ ಅದಕ್ಕೆ ತಕ್ಕಂತೆ ಸ್ವಲ್ಪ ಬಾಗುತ್ತದೆ. ಎರಡು ವರ್ಷದ ನಂತರ ಅದೇ ತಂಡ ಹುಡುಕಾಟದಲ್ಲೇ ಒಂದು ಹುಸಿ ಬಗೆಯನ್ನು ಬೇರ್ಪಡಿಸಿತು. ಆತಂಕದ ಸ್ವಭಾವದವರು ಹುಡುಕುತ್ತಿಲ್ಲ, ನಿಂತಲ್ಲೇ ಕೊರಗುತ್ತಿರುತ್ತಾರೆ. ‘ಇದು ಸರಿಯಾ, ಅದು ಸರಿಯಾ’ ಎಂದು ರಾತ್ರಿಯಿಡೀ ಮೆಲುಕು ಹಾಕಿ ಬೆಳಿಗ್ಗೆ ಮತ್ತೆ ಅಲ್ಲಿಂದಲೇ ಶುರು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುವುದರಿಂದ, ಸಹಾಯ ಬೇಕಾದ ಹುಡುಗನಿಗೆ ‘ಯೋಚನೆ ಮಾಡಲಿ ಬಿಡಿ’ ಎಂದು ಹೇಳಿ ಕೈಬಿಡುವುದುಂಟು.

ಅಸ್ಮಿತೆಯ ಬಿಕ್ಕಟ್ಟು ಎಂಬ ಮಾತನ್ನು ಮನೆಮಾತಾಗಿಸಿದ ಎರಿಕ್ ಎರಿಕ್ಸನ್ ಕೂಡ ಫ್ರಾಂಕ್‌ಫರ್ಟಿನಲ್ಲೇ ಹುಟ್ಟಿದವರು, 1902ರಲ್ಲಿ. ತಾಯಿ ಡೆನ್ಮಾರ್ಕಿನ ಯಹೂದಿ. ಹೆತ್ತ ತಂದೆ ಯಾರೆಂದು ಅವರಿಗೆ ಕೊನೆವರೆಗೂ ತಿಳಿಯಲಿಲ್ಲ. ಬೆಳೆಸಿದ ಮಲತಂದೆ ಮಕ್ಕಳ ವೈದ್ಯರು. ನೀಲಿ ಕಣ್ಣು, ಹೊಂಬಣ್ಣದ ಕೂದಲಿನ ಎತ್ತರದ ಹುಡುಗನನ್ನು ಯಹೂದಿ ಮಕ್ಕಳು ನಮ್ಮವನಲ್ಲ ಎಂದು ಚುಡಾಯಿಸಿದರೆ, ಶಾಲೆಯಲ್ಲಿ ಜರ್ಮನ್ ಮಕ್ಕಳು ಯಹೂದಿ ಎಂದು ಹಂಗಿಸುತ್ತಿದ್ದರು. ಮಲತಂದೆಗೆ ಮಗ ಡಾಕ್ಟರಾಗಲಿ ಎಂಬ ಆಸೆ. ಮಗ ಚಿತ್ರ ಬಿಡಿಸುತ್ತ ಯೂರೋಪೆಲ್ಲ ಅಲೆದ. 1927ರಲ್ಲಿ ಗೆಳೆಯನೊಬ್ಬ ವಿಯೆನ್ನಾದ ಪುಟ್ಟ ಶಾಲೆಯೊಂದಕ್ಕೆ ಮೇಷ್ಟ್ರಾಗಿ ಕರೆಸಿಕೊಂಡ. ಅಲ್ಲಿ ಆನಾ ಫ್ರಾಯ್ಡ್ ಪರಿಚಯವಾಗಿ ಮನೋವಿಶ್ಲೇಷಣೆ ಕಲಿತ. ಕಾಲೇಜು ಪದವಿಯೇ ಇಲ್ಲದ ಈ ಮನುಷ್ಯ ಮುಂದೆ ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಆದರು. 1939ರಲ್ಲಿ ಅಮೆರಿಕದ ಪೌರತ್ವ ಪಡೆಯುವಾಗ ಎರಿಕ್ಸನ್ ಎಂಬ ಹೆಸರನ್ನು ತಾವೇ ಆರಿಸಿಕೊಂಡರು. ಹುಡುಗರಿಗೆ ನಿರ್ಧಾರವನ್ನು ಮುಂದೂಡುವ ಒಂದಷ್ಟು ಬಿಡುವು ಸಮಾಜ ಕೊಡಬೇಕು ಎಂದು ಅವರು ವಾದಿಸಿದ್ದು ಪುಸ್ತಕ ಓದಿ ಅಲ್ಲ. ಗಾಂಧೀಜಿ 1918ರಲ್ಲಿ ಮುನ್ನಡೆಸಿದ ಅಹಮದಾಬಾದ್ ಗಿರಣಿ ಕಾರ್ಮಿಕರ ಮುಷ್ಕರದ ಬಗ್ಗೆ ಅವರು ಬರೆದ ಪುಸ್ತಕ 1970ರಲ್ಲಿ ಪುಲಿಟ್ಜರ್ ಪಡೆಯಿತು. ಎಂಜಿನಿಯರಿಂಗ್ ಓದಿದ್ದ ಸುಧೀರ್ ಕಕ್ಕರ್ ಮನೋವಿಶ್ಲೇಷಣೆಯ ಕಡೆ ಹೊರಳಿದ್ದು ಅಹಮದಾಬಾದಿನಲ್ಲಿ ಎರಿಕ್ಸನ್ ಅವರ ಭೇಟಿಯಾದ ಮೇಲೆ.

ಎರಿಕ್ಸನ್ ಹೇಳಿದ್ದನ್ನು ಪರೀಕ್ಷೆಗೆ ಒಡ್ಡಿದವರು ಜೇಮ್ಸ್ ಮಾರ್ಸಿಯಾ. 1966ರಲ್ಲಿ ಕಾಲೇಜು ಹುಡುಗರನ್ನು ಉದ್ಯೋಗ, ಧರ್ಮ, ರಾಜಕೀಯದ ಬಗ್ಗೆ ಮಾತಾಡಿಸಿ ನಾಲ್ಕು ಬಗೆ ಗುರುತಿಸಿದರು. ಹುಡುಕಿ ಕಂಡುಕೊಂಡವರು, ಇನ್ನೂ ಹುಡುಕುತ್ತಿರುವವರು, ಹುಡುಕುವ ಗೊಡವೆಗೇ ಹೋಗದವರು. ನಾಲ್ಕನೆಯವರು ಹುಡುಕದೆಯೇ ಉತ್ತರ ಪಡೆದವರು. ಮನೆಯವರು ಹೇಳಿದ್ದನ್ನು ಹಾಗೇ ಒಪ್ಪಿಕೊಂಡವರು.

ನಮ್ಮಲ್ಲಿ ಈ ನಾಲ್ಕನೆಯ ಬಗೆ ಹುಟ್ಟುವ ಜಾಗ ಮತ್ತು ತಿಂಗಳನ್ನು ಹೆಚ್ಚುಕಡಿಮೆ ಬೊಟ್ಟುಮಾಡಿ ತೋರಿಸಬಹುದು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಯಾವುದೇ ಪಿಯು ಕಾಲೇಜಿನ ಅಡ್ಮಿಷನ್ ಕೌಂಟರ್. ಅರ್ಜಿ ತುಂಬುವವರು ಅಪ್ಪ. ಮಗಳು ಪಕ್ಕದಲ್ಲಿ ಮಾರ್ಕ್ಸ್‌ಕಾರ್ಡ್, ಟಿಸಿ, ಜಾತಿ ಪ್ರಮಾಣಪತ್ರದ ಫೈಲು ಹಿಡಿದು ನಿಂತಿರುತ್ತಾಳೆ. ‘ಕಾಂಬಿನೇಷನ್ ಯಾವ್ದಮ್ಮಾ?’ ಎಂದು ಒಳಗಿನವರು ಕೇಳಿದರೆ ಅವಳು ಅಪ್ಪನ ಮುಖ ನೋಡುತ್ತಾಳೆ. ‘ಪಿಸಿಎಂಬಿ ಹಾಕ್ಬಿಡಿ ಸಾರ್, ಎರಡಕ್ಕೂ ಆಗತ್ತೆ’ ಎನ್ನುತ್ತಾರೆ ಅಪ್ಪ. ಎರಡು ಅಂದರೆ ಡಾಕ್ಟರ್ ಮತ್ತು ಎಂಜಿನಿಯರ್. ಮೂರನೆಯದು ಆ ಕೌಂಟರಿನಲ್ಲಿ ಬಾಯಿಗೆ ಬರುವುದಿಲ್ಲ. ಚರಿತ್ರೆ ಇಷ್ಟ ಎಂದವಳಿಗೆ ‘ಅದನ್ನ ಆಮೇಲೆ ಐಎಎಸ್‌ಗೆ ಓದ್ಕೋಬಹುದು’ ಎಂಬ ಸಮಾಧಾನ ಸಿದ್ಧವಿರುತ್ತದೆ.

ಅಪ್ಪಂದಿರನ್ನು ಬೈಯುವುದು ಸುಲಭ. ಆದರೆ ಮನೆಯ ಮಾತು ಒಪ್ಪಿದವರು ಒಳಗೊಳಗೇ ನರಳುತ್ತಿರುತ್ತಾರೆ ಎಂದು ಸಂಶೋಧನೆ ಹೇಳುವುದಿಲ್ಲ. ಅವರು ಎಷ್ಟೋ ಸಲ ಹುಡುಕುವವರಿಗಿಂತ ನಿರಾಳವಾಗಿರುತ್ತಾರೆ, ಮನೆಯವರಿಗೆ ಹತ್ತಿರವಾಗಿರುತ್ತಾರೆ. ಮಾರ್ಸಿಯಾ ಅವರಲ್ಲಿ ಕಂಡ ಕೊರತೆ ಬೇರೆ: ದೊಡ್ಡವರ ಅಧಿಕಾರಕ್ಕೆ ಅತಿಯಾಗಿ ತಲೆಬಾಗುವುದು, ಕೈಗೆಟುಕದ ಗುರಿಯನ್ನು ಸೋತರೂ ಬಿಡದಿರುವುದು. ನೀಟ್ ಮೂರನೇ ಸಲ ಬರೆಯುತ್ತಿರುವ ಹುಡುಗನನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ತೊಡಕು ವಯಸ್ಸಿನದು. ಜೇನ್ ಕ್ರೋಗರ್ ಮತ್ತು ಸಂಗಡಿಗರು 2010ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದಾಗ, ಹುಡುಕಾಟದಲ್ಲಿರುವವರ ಪ್ರಮಾಣ ತುತ್ತತುದಿ ಮುಟ್ಟಿದ್ದು ಹತ್ತೊಂಬತ್ತನೇ ವಯಸ್ಸಿಗೆ. ಕೌಂಟರಿನ ಪ್ರಶ್ನೆ ಬರುವುದು ಹದಿನಾರಕ್ಕೆ. ಮನಸ್ಸಿನಲ್ಲಿ ಪ್ರಶ್ನೆ ಏಳುವ ಹೊತ್ತಿಗೆ ಹುಡುಗ ಎಂಜಿನಿಯರಿಂಗಿನ ಎರಡನೇ ವರ್ಷದಲ್ಲಿರುತ್ತಾನೆ.

ಬಿಡುವೇ ಸಿಗದವರ ಕತೆಯೂ ಇದೆ. ವೀಬ್ಕೆ ಬ್ಲೈಡಾರ್ನ್ ಮತ್ತು ಸಂಗಡಿಗರು 2013ರಲ್ಲಿ 62 ದೇಶಗಳ ಎಂಟು ಲಕ್ಷಕ್ಕೂ ಹೆಚ್ಚು ಯುವಜನರನ್ನು ಹೋಲಿಸಿದರು. ಎಲ್ಲಿ ಚಿಕ್ಕ ವಯಸ್ಸಿಗೇ ದುಡಿಮೆಯ ಹೊಣೆ ಬೀಳುತ್ತದೋ ಅಲ್ಲಿ ಸ್ವಭಾವವೂ ಬೇಗ ಬಲಿಯುತ್ತದೆ. ಅಪ್ಪ ಹಾಸಿಗೆ ಹಿಡಿದ ಮೇಲೆ ಅಂಗಡಿಗೆ ಕೂತ ಹದಿನೇಳರ ಹುಡುಗ ಆರು ತಿಂಗಳಲ್ಲಿ ದೊಡ್ಡವನಾಗುವುದನ್ನು ಜನ ಮೆಚ್ಚಿ ಹೇಳುತ್ತಾರೆ. ಶಿಸ್ತು ಬಂದದ್ದು ನಿಜ. ಅವನು ಏನಾಗಬೇಕೆಂದಿದ್ದ ಎಂದು ಕೇಳಿದವರು ಕಡಿಮೆ.

ಹತ್ತೊಂಬತ್ತರ ವಯಸ್ಸಿಗೆ ಕನ್ನಡದ ದೊಡ್ಡ ಉದಾಹರಣೆಯೊಂದಿದೆ. ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದಿದ್ದ ಪುಟ್ಟಪ್ಪ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು; 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಕಿರುಪುಸ್ತಕವೂ ಬಂದಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ಹಸ್ತಪ್ರತಿ ತೋರಿಸಿದಾಗ ಸಿಕ್ಕಿದ್ದು ಶಹಬ್ಬಾಸ್‌ಗಿರಿಯಲ್ಲ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂಬ ಸಲಹೆ. ಕುವೆಂಪು ತಮ್ಮ ಆತ್ಮಕಥೆಯಲ್ಲಿ ಇದನ್ನು ವಿವರವಾಗಿ ಹೇಳಿಕೊಂಡಿದ್ದಾರೆ. ಸಭೆ ಸಮಾರಂಭಗಳಲ್ಲಿ ಈ ಪ್ರಸಂಗವನ್ನು ಪವಾಡದಂತೆ ಹೇಳುವ ರೂಢಿ: ವಿದೇಶಿ ಕವಿ ಒಂದು ಮಾತು ಆಡಿದ, ಕನ್ನಡಕ್ಕೆ ಮಹಾಕವಿ ಸಿಕ್ಕಿದ. ಅದು ಅರ್ಧ ಮಾತ್ರ. ಹುಚ್ಚು ಹಿಡಿದಂತೆ ಓದುವ ಗುಣ, ಮಲೆನಾಡಿನ ಕಾಡುಬೆಟ್ಟದ ಸೆಳೆತ, ಕವಿಯಾಗಲೇಬೇಕೆಂಬ ಹಟ ಮೊದಲೂ ಇದ್ದವು, ಆಮೇಲೂ ಇದ್ದವು. ಬದಲಾದದ್ದು ‘ನಾನು ಯಾವ ಕವಿ’ ಎಂಬ ಉತ್ತರ. ಆ ಉತ್ತರ ಬಂದದ್ದೇ ತಡ, ಅದೇ ಹಟ ಬೇರೆ ಗದ್ದೆಗೆ ನೀರು ಹಾಯಿಸತೊಡಗಿತು. ಆಗ ಅವರ ಕಾವ್ಯನಾಮ ‘ಕಿಶೋರಚಂದ್ರವಾಣಿ’. ‘ಕುವೆಂಪು’ ಆಮೇಲೆ ಬಂದದ್ದು.

ಕುಪ್ಪಳಿ ಇರುವ ತೀರ್ಥಹಳ್ಳಿ ತಾಲ್ಲೂಕಿನದೇ ಕೆಸಲೂರಿನ ಚಿತ್ರನಿರ್ದೇಶಕ ಗಿರೀಶ್ ಕಾಸರವಳ್ಳಿ ಅವರದು ತಡವಾದ ಹೊರಳು. ಮಣಿಪಾಲದಲ್ಲಿ ಬಿ.ಫಾರ್ಮ ಮುಗಿಸಿ, ತರಬೇತಿಗೆಂದು ಹೈದರಾಬಾದಿಗೆ ಹೋಗಿ, ಅಲ್ಲಿಂದ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಸೇರಿದರು. ಮೊದಲ ಕಥಾಚಿತ್ರ ‘ಘಟಶ್ರಾದ್ಧ’ 1977ರ ಸ್ವರ್ಣಕಮಲ ತಂದಾಗ ಅವರಿಗೆ ಮೂವತ್ತು ಆಗಿರಲಿಲ್ಲ. ಹೀಗೆ ಪದವಿಯನ್ನು ಬದಿಗಿಟ್ಟು ಹೊರಳಲು ಮನೆಯವರ ಸೈರಣೆ ಬೇಕು, ಕೈಯಲ್ಲಿ ನಾಲ್ಕು ಕಾಸೂ ಬೇಕು. ಎಜುಕೇಷನ್ ಲೋನಿನ ಕಂತು ಶುರುವಾದ ಮನೆಗಳಲ್ಲಿ ಹುಡುಕಾಟ ನಿಲ್ಲುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಪ್ಪತ್ತೆಂಟು, ಮೂವತ್ತಕ್ಕೆ ರಾಜೀನಾಮೆ ಕೊಟ್ಟು ರಂಗಭೂಮಿಗೋ, ಬೇಕರಿಗೋ, ಊರಿನ ತೋಟಕ್ಕೋ ಹೊರಟವರನ್ನು ಮಾತಾಡಿಸಿದರೆ, ಅಪ್ಪ ಅಮ್ಮನ ಜೊತೆ ಹದಿನೇಳಕ್ಕೆ ಆಗಬೇಕಿದ್ದ ಜಗಳ ಈಗ ಹೆಂಡತಿಯ ಜೊತೆ, ಗಂಡನ ಜೊತೆ ನಡೆಯುತ್ತಿರುತ್ತದೆ.